ಎಳ್ಳು ಗ್ವಾಡಿ ಹತ್ತಿದ ಕಥಿ

ನಾಯಿಗೆ ಉಣ್ಣಿ ಆಗಿವೆ ಅಂತ ನಮ್ಮ ಕಲಬುರಗಿಯಲ್ಲಿ ಯಾರ ಮುಂದಾದರೂ ಹೇಳಿ ನೋಡಿ, ಪ್ರತಿಯೊಬ್ಬರ ಹತ್ತಿರವೂ ಒಂದು ಔಷಧ ಇರುತ್ತದೆ. ಸೀಮೆಎಣ್ಣೆ ಒರೆಸ್ರಿ ಅನ್ನುವವರು ಒಬ್ಬರು, ತಂಬಾಕು ಕುದಿಸಿದ ನೀರು ಸುರೀರಿ ಅನ್ನುವವರು ಇನ್ನೊಬ್ಬರು, ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಹಚ್ಚಿರಿ ಅನ್ನುವವರು ಮತ್ತೊಬ್ಬರು. ನಾಯಿ ಮೈ ನೆಕ್ಕುತ್ತದೆ, ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ ಅನ್ನುವುದು ಇವರಲ್ಲಿ ಯಾರಿಗೂ ನೆನಪಾಗುವುದಿಲ್ಲ. ಇವರೆಲ್ಲರಿಗಿಂತ ದೊಡ್ಡ ಡಾಕ್ಟರ್ ಇನ್ನೊಬ್ಬ ಇರುತ್ತಾನೆ: "ತೊಗರಿಗೆ ಹೊಡಿಯೋ ಎಣ್ಣಿ ಅದ ಅಲ್ರಿ, ಒಂದು ಮುಚ್ಚಳ ಬಕೀಟ ನೀರಿಗೆ ಹಾಕಿ ಮೈ ತೊಳೀರಿ. ಒಂದೂ ಉಳಿಯಂಗಿಲ್ಲ."

ಖರೆ, ಒಂದೂ ಉಳಿಯುವುದಿಲ್ಲ. ನಾಯಿಯೂ ಉಳಿಯುವುದಿಲ್ಲ.

ನಮ್ಮ ಓಣಿಯ ಕಾಕಾ ಒಬ್ಬರು ಹೋದ ವರ್ಷ ಇದನ್ನೇ ಮಾಡಿದರು. ಕೆಟ್ಟ ಮನುಷ್ಯರಲ್ಲ. ತಾವು ಉಣ್ಣುವ ಮೊದಲು ಹಾಲಿನಲ್ಲಿ ಚಪಾತಿ ಮುರಿದು ನಾಯಿಗೆ ಹಾಕುವವರು. ಮುಂಜಾನೆ ಮೈ ತೊಳೆಸಿದ್ದಾರೆ, ಮಧ್ಯಾಹ್ನದ ಹೊತ್ತಿಗೆ ಬಾಯಿಂದ ಜೊಲ್ಲು, ಮೈಯೆಲ್ಲ ನಡುಕ. ಡಾಕ್ಟರ ಹತ್ತಿರ ಒಯ್ಯುವಷ್ಟರಲ್ಲಿ ಮುಗಿದಿತ್ತು. ಇಂಥ ವಿಷಕ್ಕೆ ಅಟ್ರೋಪಿನ್ ಅನ್ನುವ ಇಂಜೆಕ್ಷನ್ ಇದೆ, ಬೇಗ ಬಂದಿದ್ದರೆ ನೋಡಬಹುದಿತ್ತು ಅಂದರಂತೆ. ಹೊಲಕ್ಕೆ ಹೊಡೆಯುವ ಎಷ್ಟೋ ಔಷಧಗಳು ಹುಳದ ನರಕ್ಕೆ ಮಾಡುವುದನ್ನೇ ನಾಯಿಯ ನರಕ್ಕೂ, ಕೈಯಲ್ಲಿ ಹಚ್ಚಿದವನ ನರಕ್ಕೂ ಮಾಡುತ್ತವೆ. ಇಡೀ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಪಕ್ಕದ ಬೀದರಿನಲ್ಲೇ ಇದೆ. ನಾವು ಮಾತ್ರ ನಾಯಿಯ ಔಷಧ ಕೇಳಲು ಗೊಬ್ಬರದ ಅಂಗಡಿಗೆ ಹೋಗುತ್ತೇವೆ.

ಹಂಗಂತ ನಾನೇನು ಶಾಣ್ಯಾ ಅಲ್ಲ. ನನ್ನ ಕಥೆಯೂ ಕೇಳಿ.

ನಮ್ಮ ಮನೆಯ ನಾಯಿ ಗುಂಡ್ಯಾ. ಜಾತಿ ನಾಯಿ ಅಲ್ಲ, ರಿಂಗ್ ರೋಡಿನ ಪಕ್ಕ ಸಿಕ್ಕ ಮರಿ. ಬೇಸಿಗೆಯಲ್ಲಿ, ಇಲ್ಲಿಯ ಬಿಸಿಲು ನಿಮಗೇ ಗೊತ್ತಲ್ಲ, ಅವನು ದಿನವಿಡೀ ನೀರಿನ ಹೌದಿನ ಪಕ್ಕದ ತಂಪು ಫರ್ಸಿಯ ಮೇಲೆ ಬಿದ್ದಿರುತ್ತಾನೆ. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಕಾಣಿಸಿದವು. ನಾನು ಉಣ್ಣಿಯ ಶಾಂಪೂ ತಂದು ವಾರಕ್ಕೊಮ್ಮೆ ಜಳಕ ಮಾಡಿಸಿದೆ. ಎರಡು ದಿನ ಮೈ ಸ್ವಚ್ಛ, ಮೂರನೆಯ ದಿನ ಮತ್ತೆ ಅಷ್ಟೇ. ಶಾಂಪೂ ಕಂಪನಿಯವರನ್ನು ಬೈದುಕೊಂಡು ಎರಡು ತಿಂಗಳು ಕಳೆದೆ.

ಒಂದು ದಿನ ಸಂಜೆ ದೀಪ ಹಚ್ಚಲು ಹೋದ ಅವ್ವ ದೇವರ ಮನೆಯಿಂದ ಕೂಗಿದಳು: "ಇಲ್ ಬಾರೋ, ಎಳ್ಳು ಗ್ವಾಡಿ ಹತ್ಲಾಕತ್ತಾವ!"

ಹೋಗಿ ನೋಡಿದರೆ ಖರೇನೇ ಎಳ್ಳಿನ ಕಾಳಿನಷ್ಟು ಸಣ್ಣ ಮರಿ ಉಣ್ಣಿಗಳು ಸಾಲಾಗಿ ಗೋಡೆ ಏರುತ್ತಿದ್ದವು. ಟಾರ್ಚ್ ಹಿಡಿದು ಸುತ್ತಿದೆ. ಫರ್ಸಿಯ ಸಂದಿ, ಬಾಗಿಲ ಚೌಕಟ್ಟಿನ ಹಿಂದೆ, ಸ್ವಿಚ್ ಬೋರ್ಡಿನ ಅಂಚು, ಕ್ಯಾಲೆಂಡರಿನ ಹಿಂದಿನ ಮೊಳೆಯ ತೂತು, ಎಲ್ಲ ಕಡೆ ಇದ್ದವು. ನಾನು ಎರಡು ತಿಂಗಳಿಂದ ನಾಯಿಯನ್ನು ತೊಳೆಯುತ್ತಿದ್ದೆ. ಉಣ್ಣಿ ಸಾಕಿದ್ದು ಮನೆ.

ನಮ್ಮ ನಾಯಿಗಳಿಗೆ ಆಗುವ ಕಂದು ಉಣ್ಣಿಯ ಬದುಕೇ ಹಾಗೆ. ಮೊಟ್ಟೆಯಿಂದ ಬಂದ ಆರು ಕಾಲಿನ ಮರಿ ನಾಯಿಯನ್ನು ಹತ್ತಿ ರಕ್ತ ಕುಡಿದು ಇಳಿಯುತ್ತದೆ. ಸಂದಿಯಲ್ಲಿ ಅಡಗಿ ಪೊರೆ ಬಿಟ್ಟು ಎಂಟು ಕಾಲಿನದಾಗಿ ಮತ್ತೆ ಹತ್ತುತ್ತದೆ, ಮತ್ತೆ ಇಳಿಯುತ್ತದೆ, ಇನ್ನೊಮ್ಮೆ ಪೊರೆ ಬಿಟ್ಟು ಮೂರನೆಯ ಸಲ ಹತ್ತುತ್ತದೆ. ಕೊನೆಗೆ ಹೆಣ್ಣು ಹೊಟ್ಟೆ ತುಂಬ ಕುಡಿದು ಔಡಲ ಬೀಜದ ಹಾಗೆ ಉಬ್ಬಿ ಬೀಳುತ್ತದೆ. (ಔಡಲಕ್ಕೆ ಶಾಸ್ತ್ರೀಯ ಹೆಸರು ರಿಸಿನಸ್. ಲ್ಯಾಟಿನ್ನಿನಲ್ಲಿ ಹಾಗಂದರೆ ಉಣ್ಣಿ ಅಂತಲೇ! ಹೆಸರಿಟ್ಟವನೂ ಎಲ್ಲೋ ನಾಯಿ ಸಾಕಿರಬೇಕು.) ಬಿದ್ದದ್ದು ಗೋಡೆಯ ಬಿರುಕು ಹುಡುಕಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ, ಕೆಲವೊಮ್ಮೆ 4,000ದವರೆಗೂ, ಇಟ್ಟು ಸಾಯುತ್ತದೆ. ಅಂದರೆ ಯಾವ ಹೊತ್ತಿನಲ್ಲಿ ನೋಡಿದರೂ ನಾಯಿಯ ಮೈಮೇಲೆ ಕಾಣುವುದು ಸ್ವಲ್ಪ, ಮನೆಯಲ್ಲಿ ಕೂತದ್ದು ಭಾಳ. ಬೆಳೆದ ಉಣ್ಣಿ ತಿಂಗಳುಗಟ್ಟಲೆ ಉಪವಾಸವೂ ಇರಬಲ್ಲದು. ಶಹಾಬಾದ್ ಕಲ್ಲಿನ ನೆಲ ಬೇಸಿಗೆಯಲ್ಲಿ ನಮಗೆಷ್ಟು ಸುಖವೋ, ಸಿಮೆಂಟು ಉದುರಿದ ಅದರ ಸಂದಿಗಳು ಉಣ್ಣಿಗೆ ಅಷ್ಟೇ ಸುಖ.

ಅದೇ ವಾರ ಗುಂಡ್ಯಾ ಊಟ ಬಿಟ್ಟ. ಒಂದು ದಿನ ಬಿಸಿಲಿಗೆ ಅಂದುಕೊಂಡೆವು. ಎರಡನೆಯ ದಿನ ಮೈ ಕಾಯುತ್ತಿತ್ತು, ತುಟಿ ಎತ್ತಿ ನೋಡಿದರೆ ಒಸಡು ಬೆಳ್ಳಗೆ. ಮನೆಯಲ್ಲಿದ್ದ ಜ್ವರದ ಗುಳಿಗೆ ಅರ್ಧ ಕೊಡೋಣ ಅಂತ ಕೈಗೆತ್ತಿಕೊಂಡಿದ್ದೆ, ಪುಣ್ಯಕ್ಕೆ ಕೊಡಲಿಲ್ಲ. ನಮ್ಮ ಐಬುಪ್ರೊಫೆನ್, ಪ್ಯಾರಾಸಿಟಮಾಲ್‌ಗಳನ್ನು ನಾಯಿಗೆ ನಾವೇ ಅಂದಾಜಿನಲ್ಲಿ ಕೊಡಬಾರದು, ವಿಷ ಆಗಬಹುದು. ಡಾಕ್ಟರು ರಕ್ತ ತೆಗೆದು ನೋಡಿದರು. ನಾಯಿಗೆ ಎರಡು ಲಕ್ಷದ ಹತ್ತಿರವೋ ಮೇಲೋ ಇರಬೇಕಾದ ಪ್ಲೇಟ್‌ಲೆಟ್ ಇವನಿಗೆ 38 ಸಾವಿರ ಇದ್ದವು. ಎರ್ಲಿಕಿಯಾ ಅಂದರು. ಉಣ್ಣಿ ಕಚ್ಚಿದಾಗ ರಕ್ತಕ್ಕೆ ಸೇರುವ ಬ್ಯಾಕ್ಟೀರಿಯಾ. ಇನ್ನೂ ತಡವಾಗಿದ್ದರೆ ಮೂಗಿನಿಂದ ರಕ್ತ ಬರುತ್ತಿತ್ತಂತೆ. ಇದೇ ಉಣ್ಣಿ ಬೇಬೀಸಿಯಾ ಅನ್ನುವ, ರಕ್ತದ ಕಣದಲ್ಲಿ ಸೇರಿಕೊಳ್ಳುವ ಇನ್ನೊಂದು ಪರಾವಲಂಬಿಯನ್ನೂ ತರುತ್ತದೆ, ಅದರ ಔಷಧವೇ ಬೇರೆ. ಆದ್ದರಿಂದಲೇ ರಕ್ತ ನೋಡದೆ "ಉಣ್ಣಿ ಜ್ವರಕ್ಕ ಕೊಡ್ರಿ" ಅಂತ ಅಂಗಡಿಯಲ್ಲಿ ಗುಳಿಗೆ ಕೇಳಬೇಡಿ.

ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಗುಳಿಗೆ ಬರೆದುಕೊಟ್ಟರು, ದಿನಾ, 28 ದಿನ, ಹೊಟ್ಟೆಗೆ ಏನಾದರೂ ಹಾಕಿದ ಮೇಲೆ. ಐದನೆಯ ದಿನಕ್ಕೆ ಗುಂಡ್ಯಾ ರೊಟ್ಟಿ ಕಸಿದು ಓಡುವಷ್ಟಾದ. "ಆರಾಮಾಗ್ಯಾನಲ್ಲ, ಇನ್ಯಾಕ ಗುಳಿಗಿ?" ಅಂತ ಅಪ್ಪ. ಮನೆಮಂದಿಗೆಲ್ಲ ಹಾಗೇ ಅನಿಸಿತ್ತು. ಉಳಿದ 23 ದಿನ ಬೆಲ್ಲದ ಉಂಡೆಯಲ್ಲಿ ಅಡಗಿಸಿ, ಬಾಯಿ ಅಗಲಿಸಿ, ಬೈದು, ಮುದ್ದು ಮಾಡಿ ಹೇಗೋ ಮುಗಿಸಿದೆವು. ನಡುವೆ ನಿಲ್ಲಿಸಿದರೆ ರೋಗ ಒಳಗೇ ಕೂತು ತಿಂಗಳುಗಳ ಮೇಲೆ ಎದ್ದು ಬರಬಹುದು.

ಉಣ್ಣಿ ತಡೆಯುವ ಔಷಧದ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಜಗಿಯುವ ಗುಳಿಗೆ ನನಗೆ ಒಗ್ಗಿದೆ. ಫ್ಲೂರಲೇನರ್ ಇರುವುದು ಒಂದು ಕೊಟ್ಟರೆ 12 ವಾರ, ಅಫಾಕ್ಸೊಲೇನರ್ ಇರುವುದು ತಿಂಗಳಿಗೊಂದು. ನಾಯಿಯ ತೂಕ ನೋಡಿ ಕೊಡುತ್ತಾರೆ, ದೊಡ್ಡ ನಾಯಿಯದನ್ನು ಮುರಿದು ಎರಡು ಸಣ್ಣ ನಾಯಿಗೆ ಹಂಚುವ ಜಾಣತನ ಬೇಡ. ತುಟ್ಟಿ ಅನಿಸುತ್ತದೆ, ಒಪ್ಪುತ್ತೇನೆ. ನನ್ನ ಶಾಂಪೂ, ರಕ್ತ ಪರೀಕ್ಷೆ, ಸಲೈನ್ ಎಲ್ಲ ಕೂಡಿಸಿದಾಗ ಅದೇ ಸೋವಿ ಅನಿಸಿತು. ಉಣ್ಣಿ ಕಚ್ಚಿದ ಮೇಲೆಯೇ ಈ ಔಷಧ ಅದಕ್ಕೆ ತಾಗುವುದು, ಹಾಗಾಗಿ ಮರುದಿನ ಒಂದೆರಡು ಕಂಡರೆ "ನಕಲಿ ಮಾಲು" ಅಂತ ಜಗಳಕ್ಕೆ ಹೋಗಬೇಡಿ. ಮೂರ್ಛೆ ಬರುವ ನಾಯಿಯಾದರೆ ಡಾಕ್ಟರಿಗೆ ಮೊದಲೇ ಹೇಳಿ. ಈ ಗುಂಪಿನ ಔಷಧಗಳಿಂದ ಕೆಲವು ನಾಯಿಗಳಿಗೆ ಫಿಟ್ಸ್ ಬರಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ. ಬೆನ್ನಿಗೆ ಹಾಕುವ ಫಿಪ್ರೊನಿಲ್ ಹನಿ, ಕೊರಳ ಪಟ್ಟಿ ಇವೂ ಇವೆ. ಹನಿ ಹಾಕಿದ ಎರಡು ದಿನ ಜಳಕ ಬೇಡ. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಇರುವುದನ್ನು ತರಲೇಬೇಡಿ, ನಾಯಿಗೆ ನಡೆಯುವುದು ಬೆಕ್ಕನ್ನು ಕೊಲ್ಲುತ್ತದೆ. ಎತ್ತಿಗೆ, ಆಡಿಗೆ ತಂದಿಟ್ಟ ಅಮಿಟ್ರಾಜ್ ಅನ್ನುವ ಉಣ್ಣಿ ಔಷಧದ ಬಾಟ್ಲಿಯಿಂದ ಅಂದಾಜಿಗೆ ಸುರಿಯುವುದೂ ಬೇಡ.

ಕೈಯಿಂದ ಕೀಳುವುದಾದರೆ ಸಣ್ಣ ಚಿಮಟ ತಗೊಂಡು ಉಣ್ಣಿಯನ್ನು ಚರ್ಮಕ್ಕೆ ತೀರಾ ಹತ್ತಿರದಲ್ಲಿ ಹಿಡಿದು ನೆಟ್ಟಗೆ ಎಳೆಯಿರಿ, ಸ್ಪಿರಿಟ್ಟಿನ ಡಬ್ಬಿಗೆ ಹಾಕಿ. ಊದಿನಕಡ್ಡಿಯಿಂದ ಸುಡಬೇಡಿ, ಉಗುರಿನಿಂದ ಚಿಟಕ್ಕನೆ ಒಡೆಯಬೇಡಿ. ನಮ್ಮ ಅಪ್ಪನಿಗೆ ಆ ಸದ್ದು ಭಾಳ ಇಷ್ಟ. ಆದರೆ ಇದೇ ನಾಯಿ ಉಣ್ಣಿಯಿಂದ ಮನುಷ್ಯರಿಗೂ ಒಂದು ಬಗೆಯ ಟೈಫಸ್ ಜ್ವರ ಬರುವುದುಂಟು. ಮಂಗನ ಕಾಯಿಲೆ ಬರುತ್ತದೇನೋ ಅಂತ ಆಫೀಸಿನಲ್ಲಿ ಇಬ್ಬರು ಕೇಳಿದರು. ಅದು 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಕಂಡದ್ದು, ಆ ಉಣ್ಣಿಯೇ ಬೇರೆ.

ಮನೆಯ ಕೆಲಸ ಮಾತ್ರ ಗುಳಿಗೆಯಷ್ಟು ಸಲೀಸಲ್ಲ. ಗುಂಡ್ಯಾ ಮಲಗುವ ಗೋಣಿತಟ್ಟು ಸುಟ್ಟೆವು. ಸಂದಿಸಂದಿಗೆ ಕುದಿಯುವ ನೀರು ಹಾಕಿದೆವು. ಮನೆಯೊಳಗೆ ಹೊಡೆಯಬಹುದಾದ ಔಷಧವನ್ನು ಬಿರುಕುಗಳಿಗೆ ಹೊಡೆದು, ಒಣಗುವವರೆಗೆ ಅವನನ್ನು ಮಾಳಿಗೆಯ ಮೇಲೆ ಕಟ್ಟಿದೆವು. ಮೊಟ್ಟೆಗೆ ಅದು ಅಷ್ಟಾಗಿ ತಾಗುವುದಿಲ್ಲ, ಹಾಗಾಗಿ ಎರಡು ವಾರ ಬಿಟ್ಟು ಮತ್ತೆ, ಆಮೇಲೆ ಇನ್ನೊಮ್ಮೆ. ಗೋಡೆಗೆ ಸುಣ್ಣ. ಬಾಗಿಲಿಗೆ ಬರುವ ಓಣಿಯ ಮೂರು ನಾಯಿಗಳಿಗೂ ಈಗ ರೊಟ್ಟಿಯ ಜೊತೆ ಗುಳಿಗೆ ಕೊಡುತ್ತಿದ್ದೇನೆ, ಡಾಕ್ಟರನ್ನು ಕೇಳಿಯೇ. ಹೆಂಡತಿಗೆ ಇದರ ಲೆಕ್ಕ ಪೂರ್ತಿ ಹೇಳಿಲ್ಲ, ಈ ಪೋಸ್ಟ್ ಅವಳು ಓದದಿರಲಿ.

ಕೊನೆಗೆ ಫರ್ಸಿಯ ಸಂದಿ ತುಂಬಿಸಲು ಗೌಂಡಿಯನ್ನು ಕರೆಸಿದೆ. ಅವನು ಎಲ್ಲ ಕೋಣೆ ತಿರುಗಿ, ಕರಣಿ ಬಗಲಲ್ಲಿ ಇಟ್ಟುಕೊಂಡು ಕೇಳಿದ:

"ಮಳಿ ನೀರು ಸೋರ್ಲಾಕತ್ತದೇನ್ರಿ ಸಾಹೇಬ್ರ?"

"ಇಲ್ಲಪ್ಪ, ನಾಯಿಗಿ ಉಣ್ಣಿ ಆಗ್ಯಾವ."

ಗುಂಡ್ಯಾನನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ.

"ಅದಕ್ಕ್ಯಾಕ್ರಿ ಇಷ್ಟು ಖರ್ಚ? ತೊಗರಿಗಿ ಹೊಡಿಯೋ ಎಣ್ಣಿ ಅದ ಅಲ್ರಿ..."