ತಂಡದ ಟೈಮ್ ಅಂದ್ರೆ ಕೊನೆಗೆ ಬಂದವನ ಟೈಮ್

ಕಳೆದ ಭಾನುವಾರ ಗುಳೇದಗುಡ್ಡದ ಕಡೆ ಒಂದು ಮೌಂಟನ್ ಬೈಕ್ ರೇಸ್ ಇತ್ತು. ನಾವು ಮೂವರು ಒಂದು ತಂಡವಾಗಿ ಹೆಸರು ಕೊಟ್ಟಿದ್ದೆವು. ನಾನು, ನಮ್ಮ ಮಾಸ್ತರ್, ಗುಳೇದಗುಡ್ಡದಲ್ಲಿ ಮಗ್ಗ ನಡೆಸುವ ಗೆಳೆಯ. ಏಳು ಕಿಲೋಮೀಟರಿನ ಸುತ್ತು, ಒಟ್ಟು ಮೂರು ಸುತ್ತು. ಆವತ್ತಿನಿಂದ ಒಂದು ಮಾತು ತಲೆಯಲ್ಲೇ ತಿರುಗುತ್ತಿದೆ, ಬರೆದೇ ಬಿಡ್ತೀನಿ.

ನಾಲ್ಕು ತಿಂಗಳಿಂದ ಬೆಳಗ್ಗೆ ಐದೂವರೆಗೆ ಬಾಗಲಕೋಟೆಯ ನವನಗರದಿಂದ ಹೊರಡುತ್ತಿದ್ದೆವು. ನೇಕಾರ ಗೆಳೆಯ ತನ್ನೂರಿನಿಂದ ಎದುರಿಗೆ ಬಂದು ದಾರಿಯಲ್ಲಿ ಸೇರಿಕೊಳ್ಳುತ್ತಿದ್ದ. ನಮ್ಮ ಸೀಮೆಯ ಗುಡ್ಡ ಎಷ್ಟು ಚೆಂದ ಅಂತ ಸೈಕಲ್ ಹತ್ತಿದ ಮೇಲೇ ನನಗೆ ಗೊತ್ತಾದದ್ದು. ಮೇಲೆ ಕೆಂಪು ಮರಳುಗಲ್ಲು, ಒಣಗಿದ್ದರೆ ಟೈರ್ ಹಿಡಿದುಕೊಂಡಂಗೆ ನಿಲ್ಲುತ್ತದೆ. ಇಳಿಜಾರು ಮುಗಿಯುವಲ್ಲಿ ಸಡಿಲ ಮರಳು, ಅಲ್ಲಿ ಮುಂದಿನ ಬ್ರೇಕ್ ಹಿಡಿದರೆ ಕೆಟ್ಟೆ. ಅದರ ಕೆಳಗೆ ಎರೆ ಹೊಲ. ಎರೆ ಒದ್ದೆಯಾಗಿದ್ದರೆ ತುಳಿಯಲೇಬಾರದು. ಇಪ್ಪತ್ತು ಹೆಜ್ಜೆಗೆ ಚಕ್ರ ಫ್ರೇಮಿಗೆ ಅಂಟಿ ನಿಂತುಬಿಡುತ್ತದೆ. ಸೈಕಲ್ ಹೆಗಲಿಗೇರಿಸಿ ಬದುವಿನ ಹುಲ್ಲಿನ ಮೇಲೆ ನಡೆಯೋದೇ ಸರಿ. ಇದನ್ನು ನಮಗೆ ಕಲಿಸಿದವನು ಆ ನೇಕಾರ ಗೆಳೆಯ, ಹೊಲದ ಹಾದಿಯಲ್ಲೇ ಬೆಳೆದವನು.

ರೇಸಿನ ಎರಡನೇ ಸುತ್ತಿನ ಇಳಿಜಾರಿನಲ್ಲಿ ಅವನ ಹಿಂದಿನ ಟೈರ್ ಪಂಕ್ಚರ್ ಆಯ್ತು. ಜಾಲಿ ಮುಳ್ಳು. ನಮ್ಮಿಬ್ಬರ ಟೈರ್ ಟ್ಯೂಬ್‌ಲೆಸ್, ಒಳಗೆ ಸೀಲಂಟ್ ಅನ್ನೋ ದ್ರವ ಇದೆ, ಸಣ್ಣ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಅವನದು ಹಳೆಯ ಟ್ಯೂಬಿನ ಸೈಕಲ್. ಜೊತೆಗಿದ್ದ ಒಂದೇ ಒಂದು ಸ್ಪೇರ್ ಟ್ಯೂಬ್ ಬೆಳಗ್ಗೆ ವಾರ್ಮ್ ಅಪ್‌ನಲ್ಲೇ ಖರ್ಚಾಗಿತ್ತು.

“ನೀವು ನಡೀರಿ ಮಾಸ್ತರ್, ನಾ ಹಿಂದಿಂದ ಬರ್ತೀನಿ” ಅಂದ.

ಮಾಸ್ತರ್ ಏನೂ ಮಾತಾಡಲಿಲ್ಲ. ಸೈಕಲ್ ಕಲ್ಲಿಗೆ ಒರಗಿಸಿ ಪಂಪ್ ತೆಗೆದರು. ನಾನು ಚಕ್ರ ಬಿಚ್ಚಿದೆ. ಟ್ಯೂಬ್ ಹೊರಗೆ ತೆಗೆದು, ಗಾಳಿ ತುಂಬಿ, ಕೆನ್ನೆಗೆ ಹತ್ತಿರ ಹಿಡಿದು ತೂತು ಹುಡುಕಿದೆವು. ಪ್ಯಾಚ್ ಹಚ್ಚೋದಕ್ಕಿಂತ ದೊಡ್ಡ ಕೆಲಸ ಮುಳ್ಳು ಹುಡುಕೋದು. ಜಾಲಿ ಮುಳ್ಳು ಟೈರಿನ ಮೇಲೆ ಮುರಿದು ಹೋಗುತ್ತದೆ, ತುದಿ ಒಳಗೇ ಉಳಿಯುತ್ತದೆ. ಅದನ್ನು ಬಿಟ್ಟು ಟ್ಯೂಬ್ ಹಾಕಿದರೆ ಒಂದು ಫರ್ಲಾಂಗಿನಲ್ಲಿ ಮತ್ತೆ ಪಂಕ್ಚರ್. ಅವನು ಕಣ್ಣು ಮುಚ್ಚಿಕೊಂಡು ಟೈರಿನ ಒಳಗೆ ಬೆರಳು ಆಡಿಸಿದ, ಮಗ್ಗದಲ್ಲಿ ಕಡಿದ ಎಳೆ ಹುಡುಕಿದಂಗೆ. ಸಿಕ್ಕಿತು. ಉಗುರಿನಿಂದ ಎಳೆದು ತೆಗೆದ. ಎಳ್ಳಿನ ಕಾಳಿನಷ್ಟೂ ಇರಲಿಲ್ಲ.

ಹನ್ನೊಂದು ನಿಮಿಷ ಹೋಯ್ತು. ಎಷ್ಟೋ ಜನ ನಮ್ಮನ್ನು ದಾಟಿ ಹೋದರು. ಹೆಚ್ಚಿನವರು “ಏನಾದ್ರೂ ಬೇಕಾ?” ಅಂತ ಕೇಳಿಯೇ ಹೋದರು, ಅದನ್ನು ಹೇಳಲೇಬೇಕು. ಮತ್ತೆ ಹತ್ತುವ ಮೊದಲು ಅಮೀನಗಡದ ಕರದಂಟು ಮೂರು ತುಂಡು ಮಾಡಿ ತಿಂದೆವು. ಬೆಲ್ಲ, ಅಂಟು, ಒಣ ಕೊಬ್ಬರಿ, ಗೋಡಂಬಿ. ನಮ್ಮ ಜಿಲ್ಲೆಯಲ್ಲೇ ಇಂಥದ್ದು ಇರುವಾಗ ಪೇಟೆಯ ಎನರ್ಜಿ ಬಾರ್ ಯಾಕೆ ಬೇಕು?

ಮೂವರೂ ಒಟ್ಟಿಗೆ ಗೆರೆ ದಾಟಿದೆವು. ಆಮೇಲೆ ಗೊತ್ತಾಯ್ತು, ತಂಡದ ಬಹುಮಾನಕ್ಕೆ ಅವರು ಹಿಡಿದದ್ದು ತಂಡದಲ್ಲಿ ಮೊದಲು ಬಂದವನ ಟೈಮ್ ಮಾತ್ರ. ಅಂದರೆ ಮಾಸ್ತರ್ ನಮ್ಮಿಬ್ಬರನ್ನೂ ಅಲ್ಲೇ ಬಿಟ್ಟು ಹೋಗಿದ್ದರೆ ನಮ್ಮ ತಂಡಕ್ಕೆ ಒಳ್ಳೆಯ ಸ್ಥಾನ ಸಿಗ್ತಿತ್ತು. ನಿಂತಿದ್ದಕ್ಕೆ ಕೆಳಗೆ ಹೋದೆವು.

ಇದು ತಪ್ಪು ನಿಯಮ. ಬಹುಮಾನ ತಪ್ಪಿತು ಅಂತ ಹೇಳುತ್ತಿಲ್ಲ. ಒಬ್ಬನ ಟೈಮೇ ಲೆಕ್ಕ ಅಂದ್ರೆ ಮೂವರ ಹೆಸರು ಯಾಕೆ ಬರೆಸಿಕೊಳ್ಳಬೇಕು? ಟ್ರ್ಯಾಕ್ ಸೈಕ್ಲಿಂಗ್‌ನಲ್ಲಿ ಟೀಮ್ ಪರ್ಸ್ಯೂಟ್ ಅನ್ನೋ ತಂಡದ ರೇಸ್ ನೋಡಿ. ನಾಲ್ವರು ಹೊರಡುತ್ತಾರೆ, ಗಡಿಯಾರ ನಿಲ್ಲೋದು ಮೂರನೆಯವನ ಮುಂದಿನ ಚಕ್ರ ಗೆರೆ ಮುಟ್ಟಿದಾಗ. ದಕ್ಷಿಣ ಆಫ್ರಿಕಾದಲ್ಲಿ 2004ರಿಂದ ನಡೆಯುತ್ತಿರುವ ಕೇಪ್ ಎಪಿಕ್ ಅಂತೂ ನಮ್ಮದೇ ಆಟ, ಮೌಂಟನ್ ಬೈಕ್. ಎಂಟು ದಿನ, ಇಬ್ಬರ ತಂಡ. ಇಬ್ಬರ ನಡುವೆ ಎರಡು ನಿಮಿಷಕ್ಕಿಂತ ಜಾಸ್ತಿ ಅಂತರ ಬಿದ್ದರೆ ದಂಡ ಬೀಳುತ್ತದೆ. ಅಷ್ಟು ದೊಡ್ಡವರೇ ಜೊತೆಗಾರನಿಗಾಗಿ ಕಾಯ್ತಾರೆ.

ಮೌಂಟನ್ ಬೈಕ್ ಒಬ್ಬೊಬ್ಬರ ಆಟ ಅಲ್ವಾ ಅಂತ ಒಬ್ಬರು ಕೇಳಿದರು. ನಿಜ, 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಬಂದ ಕ್ರಾಸ್ ಕಂಟ್ರಿ ಒಬ್ಬೊಬ್ಬರದೇ. ವೇಗದ ಹುಡುಗರಿಗೆ ಆ ವಿಭಾಗ ಇದ್ದೇ ಇದೆ, ಅವರು ಯಾರಿಗೂ ಕಾಯಬೇಕಿಲ್ಲ. ನಾನು ಹೇಳುತ್ತಿರೋದು ತಂಡದ ವಿಭಾಗದ ಮಾತು. ವಿಜಯಪುರ, ಬಾಗಲಕೋಟೆಯ ಹಳ್ಳಿ ಮಕ್ಕಳು ರೋಡ್ ಸೈಕ್ಲಿಂಗ್‌ನಲ್ಲಿ ರಾಷ್ಟ್ರಮಟ್ಟದ ಪದಕ ತಂದಿದ್ದಾರೆ. ಬಯಲಿನ ಎದುರುಗಾಳಿಯಲ್ಲಿ ಸರದಿ ಮೇಲೆ ಒಬ್ಬರ ಹಿಂದೊಬ್ಬರು ಓಡಿಸಿ ಬೆಳೆದ ಮಕ್ಕಳು ಅವರು. ಅಂಥ ಊರಲ್ಲಿ ತಂಡ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾ?

ಕೊನೆಯವನ ಟೈಮ್ ಹಿಡಿದರೆ ತಯಾರಿಯೇ ಬದಲಾಗುತ್ತದೆ. ಒಳ್ಳೆಯ ಸೈಕಲ್ ಇದ್ದವನು ಹಳೆಯ ಸೈಕಲ್ಲಿನವನ ಟೈರ್ ಬಗ್ಗೆ ಯೋಚಿಸ್ತಾನೆ. ಹೊಸಬನಿಗೆ ಇಳಿಜಾರು ಕಲಿಸ್ತಾನೆ. ಹತ್ತು ಸಾವಿರದ ಸೈಕಲ್ ಇರುವ ಹುಡುಗನೂ ಧೈರ್ಯವಾಗಿ ಹೆಸರು ಕೊಡ್ತಾನೆ.

ಆಯೋಜಕರಿಗೆ ಪತ್ರ ಬರೆದು ಮೂವರೂ ಸಹಿ ಹಾಕಿ ಕೊಟ್ಟಿದ್ದೇವೆ. ನಿಮಗೂ ಸರಿ ಅನ್ನಿಸಿದರೆ ನೀವೂ ಅವರ ಹತ್ತಿರ ಮಾತಾಡಿ. ಮಾಸ್ತರ್ ಮನೆಯಲ್ಲಿ ಹಳೆಯ ಟ್ಯೂಬ್‌ಲೆಸ್ ರಿಮ್ ಒಂದು ಜೊತೆ ಇದೆ. ಈ ಶನಿವಾರ ಅದನ್ನು ಗೆಳೆಯನ ಸೈಕಲ್ಲಿಗೆ ಕೂರಿಸ್ತೀವಿ.