ಇಲ್ಲೇ ಐದು ನಿಮಿಷ ಕಣೋ!

ಗೋಕರ್ಣಕ್ಕೆ ಗೆಳೆಯನ ಜೊತೆ ಹೋಗಬೇಡಿ. ಅಂದ್ರೆ, ನನ್ನ ಗೆಳೆಯನ ಜೊತೆ.

"ಓಂ ಬೀಚ್‌ಗೆ ಆಟೋ ಯಾಕೋ? ಕುಡ್ಲೆ ಬೀಚ್‌ನಿಂದ ಗುಡ್ಡ ದಾಟಿದ್ರೆ ಆಯ್ತು, ಐದೇ ನಿಮಿಷ" ಅಂದ. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಚಿರೇಕಲ್ಲು ದೋಸೆ ಕಾವಲಿಯ ಹಾಗೆ ಕಾದಿತ್ತು. ಅರ್ಧ ದಾರಿಯಲ್ಲೇ ನನ್ನ ಹವಾಯಿ ಚಪ್ಪಲಿಯ ಬಾರು ಕಿತ್ತುಬಂತು. ಕಾಲಿಗೆ ಕರ್ಚೀಫು ಸುತ್ತಿಕೊಂಡು ಕುಂಟುತ್ತಾ ಬಂದೆ. ಅವನು ಮಾತ್ರ ಮೊಬೈಲ್‌ನಲ್ಲಿ ಮ್ಯಾಪ್ ನೋಡ್ತಾ ಮುಂದೆ ಮುಂದೆ.

ಸರಿ, ಅಂತೂ ಮರಳಿಗೆ ಇಳಿದೆವು. ನೀರಿಗೆ ಕಾಲಿಡುವಷ್ಟರಲ್ಲಿ ಮಹಾಶಯನಿಗೆ ಹೊಳೆಯಿತು: ಕೆಳಗೆ ನಿಂತರೆ ಓಂ ಆಕಾರ ಕಾಣಲ್ಲ, ಅದು ಕಾಣೋದು ಗುಡ್ಡದ ಮೇಲಿಂದ. ನಾವು ಇಳಿದು ಬಂದೆವಲ್ಲ, ಅದೇ ಗುಡ್ಡ! ಫೋಟೋಗೆ ಅಂತ ಮತ್ತೆ ಹತ್ತಿಸಿದ. ನಾನೂ ಹತ್ತಿದೆ ನೋಡಿ, ನನಗೆ ಬುದ್ಧಿ ಬೇಡ್ವಾ?

ಸಮುದ್ರ ನೋಡಿದ್ದು ಕಮ್ಮಿ, ಅವನ ಬೆನ್ನು ನೋಡಿದ್ದೇ ಜಾಸ್ತಿ. ಒಂದು ಸೋಡಾ ಶರಬತ್ತು ಕುಡಿಯೋಣ ಅಂತ ಕೂತರೆ ಪಕ್ಕದಿಂದ ದನಿ ಬಂತು: "ಹಾಫ್ ಮೂನ್ ಬೀಚೂ ಇಲ್ಲೇ ಕಣೋ, ಐದು ನಿಮಿಷ."

ಗ್ಲಾಸು ಅವನ ಕೈಗೆ ಕೊಟ್ಟು ಆಟೋ ಹುಡುಕಿಕೊಂಡು ಹೋದೆ.