ಸೋತವರಿಗೂ ಮುಂದಿನ ವಾರ ಮ್ಯಾಚ್ ಇರಬೇಕು

ಕೊಡಗಿನಲ್ಲಿ ಫುಟ್‌ಬಾಲ್ ಆಡುವ ಹುಡುಗರು ಬೇಕಾದಷ್ಟಿದ್ದಾರೆ. ಅವರಿಗೆ ಒಂದು ಸೀಸನ್ ಇಲ್ಲ, ಅಷ್ಟೇ. ನಮ್ಮಲ್ಲಿ ಎಲ್ಲವೂ ನಾಕೌಟ್. ಬೆಳಿಗ್ಗೆ ಎದ್ದು ಜೀಪಿನಲ್ಲಿ ಒಬ್ಬರ ಮೇಲೊಬ್ಬರು ಕೂತು ಹೋಗಿ, ಹೊಸ ಜರ್ಸಿ ಹಾಕಿ, ಮೊದಲ ಮ್ಯಾಚಿನಲ್ಲೇ ಒಂದು ಗೋಲಿಗೆ ಸೋತು, ಮಧ್ಯಾಹ್ನದ ಊಟಕ್ಕೆ ಮನೆಗೆ ವಾಪಸ್. ಬೂಟು ಮತ್ತೆ ಅಟ್ಟಕ್ಕೆ.

ನಾನೀಗ ಇರುವುದು ಜರ್ಮನಿಯ ಕೊಲೋನ್‌ನಲ್ಲಿ. ಇಲ್ಲಿನ ಮೊದಲ ದರ್ಜೆಯ ಫುಟ್‌ಬಾಲ್ ಲೀಗ್ ಬುಂಡೆಸ್‌ಲೀಗಾ 1963ರಲ್ಲಿ ಶುರುವಾಗಿದ್ದು. 18 ತಂಡ, ಪ್ರತಿ ತಂಡಕ್ಕೂ 34 ಮ್ಯಾಚ್, ಎಲ್ಲರೂ ಎಲ್ಲರ ಜೊತೆ ಒಮ್ಮೆ ತಮ್ಮೂರಲ್ಲಿ, ಒಮ್ಮೆ ಅವರೂರಲ್ಲಿ ಆಡಬೇಕು. ಕೊನೆಗೆ ಯಾರ ಪಾಯಿಂಟ್ ಜಾಸ್ತಿಯೋ ಅವರೇ ಚಾಂಪಿಯನ್. ಫೈನಲ್ ಅನ್ನುವುದೇ ಇಲ್ಲ! ಕೆಳಗಿನ ಎರಡು ತಂಡ ಎರಡನೇ ದರ್ಜೆಗೆ ಇಳಿಯುತ್ತವೆ, 16ನೇ ಸ್ಥಾನದವರು ಎರಡನೇ ದರ್ಜೆಯ ಮೂರನೆಯವರ ಜೊತೆ ಎರಡು ಮ್ಯಾಚ್ ಆಡಿ ಜೀವ ಉಳಿಸಿಕೊಳ್ಳಬೇಕು. ಹಾಗಾಗಿ ಮೇ ತಿಂಗಳಲ್ಲಿ ಪಟ್ಟಿಯ ತಳದಲ್ಲಿರುವವರ ಮ್ಯಾಚಿಗೂ ಜನ ಉಸಿರು ಬಿಗಿಹಿಡಿದು ಕೂತಿರುತ್ತಾರೆ.

2023-24ರ ಸೀಸನ್ ನೋಡಿ. ನಮ್ಮ ಪಕ್ಕದ ಊರು ಲೆವರ್‌ಕುಸೆನ್. 2022ರ ಅಕ್ಟೋಬರ್‌ನಲ್ಲಿ ಶಾಬಿ ಅಲೊನ್ಸೊ ಕೋಚ್ ಆಗಿ ಬಂದಾಗ ಆ ತಂಡ ಕೊನೆಯಿಂದ ಎರಡನೆಯದು. ನಾಕೌಟ್ ಲೆಕ್ಕದಲ್ಲಿ ಆಗಲೇ ಕಥೆ ಮುಗಿದಿತ್ತು ಅಲ್ವಾ? ಲೀಗ್ ಆದ್ದರಿಂದ ಮುಗಿಯಲಿಲ್ಲ. ಅದರ ಮುಂದಿನ ಸೀಸನ್‌ನಲ್ಲಿ ಅದೇ ತಂಡ 28 ಗೆಲುವು, 6 ಡ್ರಾ, ಒಂದೂ ಸೋಲಿಲ್ಲ. ಬುಂಡೆಸ್‌ಲೀಗಾದಲ್ಲಿ ಸೋಲೇ ಇಲ್ಲದೆ ಸೀಸನ್ ಮುಗಿಸಿದ ಮೊದಲ ತಂಡ ಅದು. ಬಯರ್ನ್ ಮ್ಯೂನಿಕ್‌ನವರು ಸತತ 11 ವರ್ಷ ಹಿಡಿದಿಟ್ಟುಕೊಂಡಿದ್ದ ಪಟ್ಟ 2024ರ ಏಪ್ರಿಲ್ 14ಕ್ಕೆ ಕೈ ಬದಲಾಯಿತು, ಅದೂ ಬ್ರೆಮೆನ್ ಮೇಲೆ 5-0 ಗೆದ್ದು, ಇನ್ನೂ ಐದು ಮ್ಯಾಚ್ ಬಾಕಿ ಇರುವಾಗಲೇ.

ಅದೇ ಸೀಸನ್‌ನಲ್ಲಿ ನಮ್ಮ ಕೊಲೋನ್ ತಂಡ 17ನೇ ಸ್ಥಾನಕ್ಕೆ ಬಿದ್ದು ಕೆಳದರ್ಜೆಗೆ ಹೋಯಿತು. ಪಕ್ಕದ ಮನೆಯವರು ಚಾಂಪಿಯನ್, ನಾವು ಔಟ್. ಆಫೀಸಿನಲ್ಲಿ ಕೆಲವರ ಮುಖ ನೋಡಲಾಗುತ್ತಿರಲಿಲ್ಲ. ಆದರೆ ಮುಂದಿನ ವರ್ಷ ಎರಡನೇ ದರ್ಜೆಯಲ್ಲೂ ಸುಮಾರು 50 ಸಾವಿರ ಜನ ಹಿಡಿಸುವ ಅದೇ ಮೈದಾನ ತುಂಬುತ್ತಿತ್ತು. 2025ರಲ್ಲಿ ತಂಡ ಅಲ್ಲಿ ಮೊದಲ ಸ್ಥಾನ ಪಡೆದು ಮೇಲಕ್ಕೂ ಬಂತು. (ಇನ್ನೊಂದು ಸುಖ: ಮ್ಯಾಚ್ ಟಿಕೆಟ್ ತೋರಿಸಿದರೆ ಟ್ರಾಮ್, ರೈಲು ಫ್ರೀ. ನಮ್ಮ ಜಿಲ್ಲೆಗೆ ರೈಲೇ ಇಲ್ಲ, ಆ ಮಾತು ಬಿಡಿ.)

ನಮ್ಮ ದೇಶದ ಫುಟ್‌ಬಾಲ್ ಲೀಗ್ ಐಎಸ್‌ಎಲ್‌ಗೂ (ಇಂಡಿಯನ್ ಸೂಪರ್ ಲೀಗ್) ನಾಕೌಟ್ ಮೋಹ ಬಿಟ್ಟಿರಲಿಲ್ಲ. 2017-18ರಲ್ಲಿ ಬೆಂಗಳೂರು ಎಫ್‌ಸಿ 18 ಮ್ಯಾಚಿನಲ್ಲಿ 40 ಪಾಯಿಂಟ್ ಮಾಡಿ, ಎರಡನೆಯವರಿಗಿಂತ ಎಂಟು ಪಾಯಿಂಟ್ ಮುಂದಿತ್ತು. ಆಮೇಲೆ ಕಂಠೀರವದಲ್ಲಿ ಒಂದು ಸಂಜೆ ಫೈನಲ್‌ನಲ್ಲಿ ಚೆನ್ನೈಯಿನ್ ಎದುರು 3-2ರಲ್ಲಿ ಸೋತಿತು. ಕಪ್ ಚೆನ್ನೈಗೆ. ಅದನ್ನು ನೆನೆದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ. ತಿಂಗಳುಗಟ್ಟಲೆ ಚೆನ್ನಾಗಿ ಆಡಿದ್ದಕ್ಕೆ ಬೆಲೆ ಇಲ್ಲ ಅಂದರೆ ಆ ಪಾಯಿಂಟ್ ಪಟ್ಟಿ ಯಾಕೆ ಬೇಕು?

ಇಷ್ಟು ಹೇಳಿದರೆ ಊರಿನವರು ಕೊಡವ ಕುಟುಂಬಗಳು ತಂಡ ಕಟ್ಟಿ ಆಡುವ ಕೌಟುಂಬಿಕ ಹಾಕಿಯನ್ನು ಮುಂದಿಡುತ್ತಾರೆ. ನಾನು ಕೊಡವನಲ್ಲ, ಸೋಮವಾರಪೇಟೆ ಕಡೆಯವನು. ಆದರೂ ಆ ಹಬ್ಬದ ಬಗ್ಗೆ ನನಗೆ ಹೆಮ್ಮೆ ಇದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳನ್ನು ಸೇರಿಸಿ ಶುರು ಮಾಡಿದ್ದು 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಕ್ಕೆ ಬೆಳೆದಿತ್ತು. ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡುವುದು ನಾನಂತೂ ಇಲ್ಲಿ ಎಲ್ಲೂ ನೋಡಿಲ್ಲ. ಅದು ನಾಕೌಟ್ ಆಗಿದ್ದರೇನೇ ಚೆಂದ. ಅಷ್ಟೊಂದು ತಂಡಕ್ಕೆ ಲೀಗ್ ಮಾಡಲು ಆಗುವುದೂ ಇಲ್ಲ. ಅಲ್ಲಿಗೆ ಜನ ಬರುವುದು ನೆಂಟರಿಷ್ಟರನ್ನು ನೋಡಲಿಕ್ಕೂ ಹೌದು, ಸೋತರೂ ಊಟ ಮಾಡಿಕೊಂಡು ಹರಟೆ ಹೊಡೆಯಬಹುದು.

ನಾನು ಹೇಳುತ್ತಿರುವುದು ಫುಟ್‌ಬಾಲ್ ಬಗ್ಗೆ. ಸುಂಟಿಕೊಪ್ಪದಲ್ಲಿ ಗೋಲ್ಡ್ ಕಪ್ ನಡೆಯುತ್ತದೆ, ಸಿದ್ದಾಪುರ, ಅಮ್ಮತ್ತಿ ಕಡೆ ಸೆವೆನ್ಸ್ (ತಂಡಕ್ಕೆ ಏಳೇ ಜನ ಆಡುವ ಫುಟ್‌ಬಾಲ್) ಹುಚ್ಚು ಇದೆ. ವರ್ಲ್ಡ್ ಕಪ್ ಬಂದರೆ ಅರ್ಜೆಂಟೀನಾ, ಬ್ರೆಜಿಲ್ ಫ್ಲೆಕ್ಸ್‌ಗಳ ಜಗಳ ಬೇರೆ. ಇಷ್ಟೆಲ್ಲ ಇದ್ದೂ ಹದಿನೇಳು ವರ್ಷದ ಒಬ್ಬ ಹುಡುಗನಿಗೆ ವರ್ಷಕ್ಕೆ ನಿಜವಾದ ಮ್ಯಾಚ್ ಎಷ್ಟು ಸಿಗುತ್ತದೆ? ಬಲವಾದ ತಂಡ ಹೊರಗಿನಿಂದ ಆಟಗಾರರನ್ನು ಕರೆತಂದು ಫೈನಲ್‌ವರೆಗೆ ಆಡುತ್ತದೆ. ಜಾಸ್ತಿ ಆಡಿ ಕಲಿಯಬೇಕಾದ ಊರ ಹುಡುಗರೇ ಮೊದಲು ಮನೆಗೆ ಹೋಗುತ್ತಾರೆ.

ಇಲ್ಲಿ ನಮ್ಮ ಬೀದಿಯ ಕೊನೆಯಲ್ಲೂ ಒಂದು ಕ್ಲಬ್ ಇದೆ. ಆಡುವುದು ಕ್ರೈಸ್‌ಲೀಗಾದಲ್ಲಿ, ಅಂದರೆ ಎಲ್ಲಕ್ಕಿಂತ ಕೆಳಗೆ. ಡಿಫೆನ್ಸ್‌ನಲ್ಲಿ ನಿಲ್ಲುವವನಿಗೆ ಒಳ್ಳೆಯ ಹೊಟ್ಟೆ ಇದೆ, ಗೋಲ್‌ಕೀಪರ್ ಶನಿವಾರ ರಾತ್ರಿಯ ಬಿಯರ್ ಇಳಿಯುವ ಮೊದಲೇ ಬಂದಿರುತ್ತಾನೆ. ಹೋದ ವಾರ ಏಳು ಗೋಲು ತಿಂದವರು ಈ ಭಾನುವಾರ ಮತ್ತೆ ಸಾಲಾಗಿ ನಿಂತಿರುತ್ತಾರೆ. ಪಾಯಿಂಟ್ ಪಟ್ಟಿ ಇವರಿಗೂ ಇದೆ, ಏರುವುದು ಇಳಿಯುವುದು ಇವರಿಗೂ ಇದೆ. ಹೈಡನ್‌ಹೈಮ್ ಅನ್ನುವ ಊರಿನ ಜನಸಂಖ್ಯೆ ಸುಮಾರು 50 ಸಾವಿರ, ಮಡಿಕೇರಿಯ ಸುಮಾರು ಒಂದೂವರೆ ಪಟ್ಟು ಅಷ್ಟೇ. ಫ್ರಾಂಕ್ ಶ್ಮಿಟ್ 2007ರಲ್ಲಿ ಕೋಚ್ ಆದಾಗ ಅವರು ಪ್ರಾದೇಶಿಕ ಲೀಗ್‌ನಲ್ಲಿದ್ದರು. ಒಂದೊಂದೇ ಮೆಟ್ಟಿಲು ಹತ್ತಿ 2014ರಲ್ಲಿ ಎರಡನೇ ದರ್ಜೆಗೆ, 2023ರಲ್ಲಿ ಬುಂಡೆಸ್‌ಲೀಗಾಕ್ಕೆ ಬಂದರು. ಮೊದಲ ವರ್ಷವೇ ಎಂಟನೇ ಸ್ಥಾನ! ಕೋಚ್ ಮಾತ್ರ ಬದಲಾಗಲಿಲ್ಲ.

ಕೊಡಗಿನಲ್ಲೂ ಹೀಗೊಂದು ಲೀಗ್ ನಡೆಸುವ ಕಷ್ಟಗಳು ನನಗೂ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮೈದಾನ ಕೆರೆ. ಡಿಸೆಂಬರ್‌ನಿಂದ ಕಾಫಿ ಕೊಯ್ಲು, ಆಡುವ ಹುಡುಗರಲ್ಲಿ ಎಷ್ಟೋ ಜನ ತೋಟದಲ್ಲಿ ದುಡಿಯುವವರು. ಆದರೆ ಭಾನುವಾರಗಳು ಇವೆಯಲ್ಲ. ಅಕ್ಟೋಬರ್‌ನಿಂದ ಮೇವರೆಗೆ, ಎಂಟೇ ತಂಡ, ಒಂದೊಂದಕ್ಕೆ 14 ಮ್ಯಾಚ್. ಕೊಯ್ಲು ಜೋರಿರುವಾಗ ಕೆಲವು ವಾರ ಬಿಡುವು ಕೊಟ್ಟರಾಯಿತು, ಇಲ್ಲಿಯೂ ಚಳಿಗಾಲದಲ್ಲಿ ಬಿಡುವು ಇದ್ದೇ ಇದೆ. ರೆಫರಿಗಳನ್ನು ಹುಡುಕುವುದೇ ದೊಡ್ಡ ಕೆಲಸ, ಅದನ್ನು ಸುಮ್ನೆ ಸುಲಭ ಅನ್ನುವುದಿಲ್ಲ.

ಇದನ್ನೆಲ್ಲ ಊರಲ್ಲಿ ಟೂರ್ನಮೆಂಟ್ ನಡೆಸುವ ಗೆಳೆಯನಿಗೆ ಫೋನಿನಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಎಲ್ಲ ಸರಿ ಮಾರಾಯ, ಫಸ್ಟ್ ಪ್ರೈಜ್ ಎಷ್ಟು ಇಡ್ತೀಯಾ?" ಅಂದ. ಇಲ್ಲಿನ ಕ್ರೈಸ್‌ಲೀಗಾದವರು ಪ್ರೈಜ್ ಆಸೆಗೆ ಆಡುವುದಿಲ್ಲ, ತಾವೇ ವರ್ಷಕ್ಕೆ ಸದಸ್ಯತ್ವದ ದುಡ್ಡು ಕಟ್ಟಿ ಆಡುತ್ತಾರೆ ಅಂದೆ. ಜೋರಾಗಿ ನಕ್ಕ. ಆದರೂ ಯಾವ ಎಂಟು ಊರು ಅಂತ ಕೇಳಿದ್ದಾನೆ, ಪಟ್ಟಿ ಕಳಿಸಬೇಕು.